ಐಲಾ ಕೊಸ್ಕಿಯ ಕಿವಿ

ನಮ್ಮ ಕಾರ್ಖಾನೆಯಲ್ಲಿ ದೇವರಿಗೆ ಎದುರಾಡುವವರು ನಾಲ್ಕಾರು ಮಂದಿ ಇದ್ದರು, ಐಲಾ ಕೊಸ್ಕಿಯ ಕೆಂಪು ಚೀಟಿಗೆ ಎದುರಾಡುವವರು ಒಬ್ಬರೂ ಇರಲಿಲ್ಲ. ಸಿಯಾಟಲ್‌ನ ದಕ್ಷಿಣಕ್ಕೆ, ಕೆಂಟ್ ಕಣಿವೆಯ ರೈಲುಹಳಿಯ ಪಕ್ಕದಲ್ಲಿ ನಾವು ಹನ್ನೊಂದು ಜನ ಗ್ರಾಮಫೋನ್ ತಟ್ಟೆ ಒತ್ತುತ್ತಿದ್ದೆವು. ನಾಲ್ಕು ಯಂತ್ರಗಳಿದ್ದವು, ಮೂರನೆಯದು ನನ್ನದು. ಬಿಸಿಯಾದ ಕರಿಯ ಪ್ಲಾಸ್ಟಿಕ್ ಉಂಡೆಯನ್ನು ಎರಡು ಲೋಹದ ಅಚ್ಚುಗಳ ನಡುವೆ ಇಡುವುದು, ಹಬೆ ಬಿಡುವುದು, ಒತ್ತುವುದು, ತಣ್ಣೀರು ಹರಿಸುವುದು, ತೆಗೆಯುವುದು. ಅರ್ಧ ನಿಮಿಷಕ್ಕೊಂದು ತಟ್ಟೆ. ಹದಿನೈದು ವರ್ಷ ಹೀಗೆ ರೊಟ್ಟಿ ಬಡಿದ ಹಾಗೆ ಬಡಿದಿದ್ದೇನೆ.

ಐವತ್ತು ತಟ್ಟೆಗೆ ಒಂದರಂತೆ ಐಲಾಳ ಬಳಿಗೆ ಹೋಗುತ್ತಿತ್ತು. ಅವಳದು ಮೂಲೆಯಲ್ಲಿ ಒಂದು ಗಾಜಿನ ಕೋಣೆ, ಒಂದು ಮರದ ಕುರ್ಚಿ, ಒಂದು ಹೆಡ್‌ಫೋನು. ಮುಳ್ಳು ಇಟ್ಟು ಕಣ್ಣು ಮುಚ್ಚಿ ಕೂತರೆ ಅವಳು ಕೇಳುತ್ತಿದ್ದಾಳೋ ನಿದ್ದೆ ಮಾಡುತ್ತಿದ್ದಾಳೋ ಹೊಸಬರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಒಂದು ಚೀಟಿ ಬರುತ್ತಿತ್ತು. ಹಸಿರಾದರೆ ಲಕೋಟೆಗೆ, ಕೆಂಪಾದರೆ ಅರೆಯುವ ಯಂತ್ರಕ್ಕೆ. ಮೇಸ್ತ್ರಿ ಮರ್ವಿನ್‌ಗೆ ಯಾರ ಮೇಲೂ ನಂಬಿಕೆಯಿರಲಿಲ್ಲ, ಹೆಂಡತಿ ಕೊಟ್ಟ ಬುತ್ತಿಯನ್ನೂ ಮೂಸಿ ನೋಡಿ ತಿನ್ನುತ್ತಿದ್ದ. ಅವನೂ ಕೆಂಪು ಚೀಟಿಯ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ.

ಒಂದು ಸೋಮವಾರ ಅವಳು ಕೋಣೆಯಿಂದ ತಲೆ ಹೊರಹಾಕಿ ನನ್ನನ್ನು ಕೂಗಿದ್ದಳು. "ರೂಫಿ, ಮನೇಲಿ ಜಗಳ ಆಡ್ಕೊಂಡು ಬಂದಿದ್ಯಾ?"

"ಯಾಕೆ?"

"ತಟ್ಟೆ ಆತುರಾತುರವಾಗಿ ತೆಗೀತಿದ್ದೀಯ. ಅಂಚಲ್ಲಿ ಸುಯ್ ಅಂತಿದೆ. ಹೆಂಡ್ತಿ ಹತ್ರ ತಪ್ಪಾಯ್ತು ಅಂತ ಹೇಳ್ಬಿಡು, ನಮ್ ತಟ್ಟೆ ಉಳ್ಕೊಳ್ಳತ್ತೆ."

ಜಗಳ ಆಡಿದ್ದು ನಿಜ. ನಾನು ಮಧ್ಯಾಹ್ನ ಮನೆಗೆ ಫೋನು ಮಾಡಿ ತಪ್ಪಾಯ್ತು ಅಂದೆ.

ಐಲಾ ಹುಟ್ಟಿದ್ದು ಕಡಲ ಕಡೆಯ ಹೋಕ್ವಿಯಂನಲ್ಲಿ, ವಲಸೆ ಬಂದ ಫಿನ್ನರ ಕೇರಿಯಲ್ಲಿ. ಅಪ್ಪ ಐನೊ ದೇವದಾರು ಮರದಿಂದ ಚಾವಣಿಯ ಹೆಂಚು ಕೊಯ್ಯುವ ಗರಗಸದ ಮಿಲ್ಲಿನಲ್ಲಿದ್ದ. ಆ ಮಿಲ್ಲಿನಲ್ಲಿ ಹತ್ತೂ ಬೆರಳು ಇದ್ದವನನ್ನು ಕಂಡರೆ ಇವನು ಹೊಸಬ ಎನ್ನುತ್ತಿದ್ದರಂತೆ. ಗರಗಸಗಳ ಅಬ್ಬರದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ಉಳಿದ ಬೆರಳುಗಳಲ್ಲೇ ಮಾತಾಡಿಕೊಳ್ಳುತ್ತಿದ್ದರು. ನಲವತ್ತೈದಕ್ಕೆ ಐನೊನ ಕಿವಿ ಪೂರ್ತಿ ಮುಚ್ಚಿತು. ಮನೆಯಲ್ಲೂ ಊಟದ ಮೇಜಿನಲ್ಲಿ ಬೆರಳಲ್ಲೇ ಉಪ್ಪು ಕೇಳುತ್ತಿದ್ದ, ಬೆರಳಲ್ಲೇ ಬೈಯುತ್ತಿದ್ದ. ಐಲಾ ಹಾಡಿದರೆ ಅವಳ ಗಂಟಲ ಮೇಲೆ ಕೈಯಿಟ್ಟು ನೋಡುತ್ತಿದ್ದ. ಅಪ್ಪನ ಮುಖ ನೋಡುತ್ತ ನೋಡುತ್ತ ಹುಡುಗಿ ಒಂದು ತೀರ್ಮಾನಕ್ಕೆ ಬಂದಳು: ತನ್ನ ಕಿವಿಯನ್ನು ತಾನು ಕಾಪಾಡಿಕೊಳ್ಳಬೇಕು. ಮಿಲ್ಲಿಗೆ ಬುತ್ತಿ ಒಯ್ಯುವಾಗ ಹತ್ತಿ ತುರುಕಿಕೊಳ್ಳುತ್ತಿದ್ದಳು. ಪಟಾಕಿಯ ದಿನ ಹಾಸಿಗೆಯೊಳಗೆ ಮುದುರಿಕೊಳ್ಳುತ್ತಿದ್ದಳು. ಬೇರೆ ಹೆಂಗಸರು ಕೂದಲನ್ನೋ ಬಳೆಯನ್ನೋ ಜೋಪಾನ ಮಾಡುವಂತೆ ಇವಳು ಕಿವಿಯನ್ನು ಜೋಪಾನ ಮಾಡಿದಳು.

ಮದುವೆಯಾದದ್ದು ಆರ್ವಿಡ್ ಎಂಬ ಮೀನುಗಾರನನ್ನು. ಅವನನ್ನು ಮೆಚ್ಚಿಕೊಳ್ಳಲು ಕಾರಣ ಅವನು ಮೆಲ್ಲಗೆ ಮಾತಾಡುತ್ತಿದ್ದನಂತೆ. ನದಿ ಕಡಲಿಗೆ ಸೇರುವ ಕಡೆ ಅವನ ದೋಣಿ ಅವನ ಸಮೇತ ಮುಳುಗಿತು, ಮಕ್ಕಳಿರಲಿಲ್ಲ. ಮೂವತ್ತೈದನೆಯ ವಯಸ್ಸಿಗೆ ಒಂದು ಪೆಟ್ಟಿಗೆ, ಒಂದು ಕಾಫಿ ಪಾತ್ರೆ ಹಿಡಿದು ಕಣಿವೆಗೆ ಬಂದಳು. ಆ ಗಾಜಿನ ಕೋಣೆಯಲ್ಲಿ ಕೂತವಳು ಇಪ್ಪತ್ತೆರಡು ವರ್ಷ ಏಳಲಿಲ್ಲ. ಊರಲ್ಲಿ ಯಾರಾದರೂ ಐಲಾ ಯಾರು ಎಂದರೆ "ಅದೇ, ಕೇಳೋಳು" ಅನ್ನುತ್ತಿದ್ದರು. ಅದಕ್ಕಿಂತ ಬೇರೆ ಪರಿಚಯ ಅವಳಿಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಎಂಬತ್ತೆಂಟರ ಅಕ್ಟೋಬರಿನಲ್ಲಿ ವೆಸ್ ಬಂದ. ಉದ್ದ ಕೂದಲು, ಮೊಣಕೈ ಹರಿದ ಚೌಕಳಿ ಅಂಗಿ, ಮೈಗೆಲ್ಲ ಮೀನಿನ ವಾಸನೆ. ಸಾಲ್ಮನ್ ಮರಿ ಬೆಳೆಸುವ ಕೊಳಗಳಲ್ಲಿ ಕೆಲಸ ಮಾಡುತ್ತಿದ್ದ, ಮೂರು ಜನರ ತಂಡ ಕಟ್ಟಿಕೊಂಡು ಗಿಟಾರ್ ಬಾರಿಸುತ್ತಿದ್ದ. ಆರು ಹಾಡು, ಒಂದೇ ತಟ್ಟೆ, ಐನೂರು ಪ್ರತಿ. ಆ ಬಗೆಯ ಹಾಡಿಗೆ ಆಮೇಲೆ ಪತ್ರಿಕೆಯವರು ಗ್ರಂಜ್ ಎಂದು ಹೆಸರಿಟ್ಟರು, ಜಗತ್ತೆಲ್ಲ ಕುಣಿಯಿತು. ಆಗ ಅದಕ್ಕೆ ಹೆಸರೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ.

"ಮೊದಲು ಮಾದರಿ ತಟ್ಟೆ ಕಳಿಸ್ತೀವಿ, ಕೇಳಿ ಒಪ್ಪಿಗೆ ಕೊಡು," ಎಂದ ಮರ್ವಿನ್.

"ಅದೆಲ್ಲ ಬೇಡ ಸಾರ್. ಶನಿವಾರ ನಮ್ ಕಾರ್ಯಕ್ರಮ. ಸುಮ್ನೆ ಒತ್ತಿ ಕೊಟ್ಬಿಡಿ."

"ಆಮೇಲೆ ಅಯ್ಯೋ ಅನ್ಬಾರ್ದು."

"ಅನ್ನಲ್ಲ."

ಬುಧವಾರ ನನ್ನ ಯಂತ್ರಕ್ಕೆ ಅಚ್ಚು ಬಂತು. ಐಲಾ ಅಂದು ಚರ್ಚಿನವರ ಭಜನೆಯ ತಟ್ಟೆಗಳಲ್ಲಿ ಮುಳುಗಿದ್ದಳು, ನಮ್ಮದು ಅವಳ ಕೈಗೆ ಸಿಗುವಷ್ಟರಲ್ಲಿ ನಾನು ಐನೂರೂ ಒತ್ತಿ ಮುಗಿಸಿದ್ದೆ. ಗಾಜಿನಾಚೆ ಅವಳನ್ನು ನೋಡುತ್ತ ಕಾಫಿ ಕುಡಿಯುತ್ತಿದ್ದೆ. ಮುಳ್ಳು ಇಟ್ಟಳು, ಕಣ್ಣು ಮುಚ್ಚಿದಳು. ತಕ್ಷಣ ಕಣ್ಣು ಬಿಟ್ಟಳು. ಹೆಡ್‌ಫೋನು ತೆಗೆದು ಎರಡೂ ಅಂಗೈಗಳಿಂದ ಕಿವಿ ಒತ್ತಿಕೊಂಡಳು, ಮತ್ತೆ ಹಾಕಿಕೊಂಡಳು. ಹೀಗೆ ನಾಲ್ಕು ಸಲ. ನನ್ನ ಹದಿನೈದು ವರ್ಷದಲ್ಲಿ ಅವಳು ಒಂದೇ ತಟ್ಟೆಯನ್ನು ಎರಡನೆಯ ಸಲ ಕೇಳಿದ್ದು ನಾನು ಕಂಡಿರಲಿಲ್ಲ. ಮುಖ ಬಿಳುಚಿಕೊಂಡಿತ್ತು.

ಕೆಂಪು ಚೀಟಿ ಬಂತು. ದೋಷ: ಸದ್ದು ಒಡೆದಿದೆ. ಜಾಗ: ಎರಡೂ ಕಡೆ.

ನಾನೂ ಒಂದು ಸಲ ಕೇಳಿದೆ. ಗಿಟಾರೋ, ಕಲ್ಲು ಅರೆಯುವ ಯಂತ್ರವೋ ತಿಳಿಯಲಿಲ್ಲ. ಹಾಡುವವನು ಬಾವಿಯೊಳಗಿಂದ ಯಾರನ್ನೋ ಕರೆಯುತ್ತಿದ್ದ. ಒಡೆದೇ ಇದೆ ಎಂದುಕೊಂಡೆ. ಗುರುವಾರ ಬೆಳಗ್ಗೆ ಸಾಕ್ಷಿಗೆ ಒಂದನ್ನಿಟ್ಟುಕೊಂಡು ಉಳಿದವುಗಳ ನಡುವೆ ಅಂಟಿದ್ದ ಹೆಸರಿನ ಕಾಗದವನ್ನು ತೂತು ಹೊಡೆದು ತೆಗೆದು, ನಾನೇ ಒತ್ತಿದ್ದನ್ನು ನಾನೇ ಅರೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೋಪ ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ವೆಸ್ ವ್ಯಾನು ತಂದು ಬಾಗಿಲಿಗೇ ನಿಲ್ಲಿಸಿದ. ಖುಷಿಯಲ್ಲಿದ್ದ, ಎಲ್ಲರಿಗೂ ಡೋನಟ್ ತಂದಿದ್ದ.

"ಎಲ್ರೀ ನನ್ ತಟ್ಟೆ?"

"ಕೆಟ್ಟೋಗಿತ್ತಪ್ಪ," ಎಂದ ಮರ್ವಿನ್. "ಅರೆದುಬಿಟ್ವಿ."

"ಎಷ್ಟು?"

"ಎಲ್ಲಾನೂ. ಕೋಪ ಮಾಡ್ಕೋಬೇಡ. ಇದೊಂದು ಇಟ್ಟಿದೀವಿ, ನೀನೇ ಕೇಳ್ನೋಡು, ಕಿವಿಗೆ ಕಾದ ಸೀಸ ಹುಯ್ದಂಗಿದೆ."

ಮರ್ವಿನ್ ತಟ್ಟೆ ಹಾಕಿದ. ವೆಸ್ ಡೋನಟ್ ಪೆಟ್ಟಿಗೆ ಹಿಡಿದುಕೊಂಡೇ ಕೇಳಿದ. ಮೊದಲ ಹಾಡು ಮುಗಿಯಿತು, ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಇದೇ ಅಲ್ವೇನ್ರೀ ನಮ್ ಸದ್ದು," ಎಂದ. "ಹೀಗೇ ಬರ್ಲಿ ಅಂತ ಸ್ಪೀಕರಿನ ಬಾಯಿಗೆ ನಾನೇ ಪೆನ್ಸಿಲ್ ಚುಚ್ಚಿ ಹರಿದಿದೀನಿ. ಯಾವನ್ರೀ ಕೆಟ್ಟಿದೆ ಅಂದಿದ್ದು?"

ಐಲಾ ಗಾಜಿನ ಬಾಗಿಲು ತೆರೆದುಕೊಂಡು ಬಂದಳು. ಐವತ್ತೇಳರ ಹೆಂಗಸು, ನೀಲಿ ಸ್ವೆಟರಿನ ಗುಂಡಿಗಳನ್ನೆಲ್ಲ ಕತ್ತಿನವರೆಗೂ ಹಾಕಿಕೊಂಡು ಶಾಲೆಯ ಹುಡುಗಿಯಂತೆ ಅವನ ಮುಂದೆ ನಿಂತಳು.

"ನಾನು ಅಂದಿದ್ದು. ಅಚ್ಚಲ್ಲಿ ತಪ್ಪಿಲ್ವಾ?"

"ಇಲ್ಲಮ್ಮ."

"ನಿಜವಾಗ್ಲೂ ಬಾರಿಸಿದಾಗ್ಲೂ ಹೀಗೇ ಇರತ್ತಾ?"

ವೆಸ್‌ಗೆ ಬೈಯಬೇಕೆಂದಿತ್ತು, ಆ ಮುಖ ನೋಡಿ ಬಾಯಿ ಬರಲಿಲ್ಲ. "ನಂಬ್ಕೆ ಇಲ್ದಿದ್ರೆ ಬಂದ್ ಕೇಳಿ. ಇಲ್ಲೇ ಎರಡು ಮೈಲಿ. ಟ್ರೂಡಿ ಇವತ್ತು ಮನೇಲೇ ಇದಾಳೆ."

ಟ್ರೂಡಿ ಎಂದರೆ ಅವರ ಡ್ರಮ್ಮು ಬಡಿಯುವವಳು. ನಾನು ನನ್ನ ಕಾರಿನಲ್ಲಿ ಐಲಾಳನ್ನು ಕರೆದುಕೊಂಡು ವ್ಯಾನಿನ ಹಿಂದೆ ಹೋದೆ. ಅವರು ಬಾರಿಸುತ್ತಿದ್ದದ್ದು ಒಂದು ಕಾಲಕ್ಕೆ ಕೋಸು ತುಂಬಿಡುತ್ತಿದ್ದ ಹಲಗೆಯ ಶೆಡ್ಡಿನಲ್ಲಿ. ಬಿರುಕುಗಳಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು, ನೆಲದಲ್ಲಿ ಇನ್ನೂ ಎಲೆಕೋಸಿನ ವಾಸನೆ. ಐಲಾ ಒಂದು ಡಬ್ಬ ಮಗುಚಿ ಕೂತಳು. ಟ್ರೂಡಿ ಕೋಲಿನಲ್ಲಿ ನಾಲ್ಕು ಎಣಿಸಿದಳು.

ಅದು ಶುರುವಾದಾಗ ನನ್ನ ಹಲ್ಲು ಅದುರಿದವು. ಸೂರಿನಿಂದ ಧೂಳು ಉದುರಿ ಬಿಸಿಲ ಪಟ್ಟೆಗಳಲ್ಲಿ ತೇಲಿತು. ನಾನು ಕಿವಿ ಮುಚ್ಚಿಕೊಂಡೆ. ಜೀವಮಾನವೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಬದುಕಿದ ಐಲಾ ಮುಚ್ಚಿಕೊಳ್ಳಲಿಲ್ಲ. ಕೈಗಳನ್ನು ತೊಡೆಯ ಮೇಲೆ ಬಿಟ್ಟು, ಬಾಯಿ ತುಸು ತೆರೆದು, ಧೂಳು ತೇಲುವುದನ್ನೇ ನೋಡುತ್ತಿದ್ದಳು. ಅವಳ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿತು, ಹೆಗಲು ಇಳಿಯಿತು. ನನಗೆ ಗಾಬರಿಯಾಯಿತು. ಸಾವಿನ ಮನೆಯಲ್ಲೂ ಮದುವೆಯ ಮನೆಯಲ್ಲೂ ಬಿಗಿದೇ ಇರುತ್ತಿದ್ದ ಆ ಮುಖ ಸಡಿಲವಾದದ್ದನ್ನು ನಾನು ಅದೇ ಮೊದಲು ಕಂಡೆ.

ಏನಾಯ್ತು ಎಂದು ಕೈಯಾಡಿಸಿ ಕೇಳಿದೆ. ಆ ಅಬ್ಬರದಲ್ಲಿ ಅವಳು ಬಾಯಿ ತೆರೆಯಲಿಲ್ಲ. ಅಂಗೈ ಕೆಳಗೆ ಮಾಡಿ, ನೀರಿನ ಮೇಲೆ ಸವರುವಂತೆ ಮೆಲ್ಲಗೆ ಅಡ್ಡಕ್ಕೆ ಬೀಸಿದಳು. ಅವಳಪ್ಪನ ಮಿಲ್ಲಿನ ಭಾಷೆ. ನನಗೆ ಅದು ಬಾರದು, ಆದರೂ ಅರ್ಥವಾಯಿತು: ಎಲ್ಲ ಶಾಂತ.

ಹಿಂತಿರುಗುವಾಗ ಅರ್ಧ ದಾರಿಯಲ್ಲಿ ಕಾರು ನಿಲ್ಲಿಸು ಎಂದಳು. ಹೊಲದ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ.

"ರೂಫಿ, ಎರಡು ವರ್ಷದಿಂದ ನನ್ ಕಿವಿಯೊಳಗೆ ಒಂದು ಕೂಗು ಇದೆ ಕಣೋ. ಕಾಫಿ ಪಾತ್ರೆ ಕುದಿಯೋಕೆ ಮುಂಚೆ ಕುಯ್ ಅನ್ನತ್ತಲ್ಲ, ಹಂಗೆ. ಹಗಲೂ ರಾತ್ರಿ. ಒಂದು ಕ್ಷಣ ಬಿಟ್ಟಿಲ್ಲ."

"ಡಾಕ್ಟ್ರು?"

"ತೋರಿಸ್ದೆ. ಹೋಗಲ್ವಂತೆ. ಮೇಲಿನ ಸ್ವರಗಳೂ ಹೊರಟು ಹೋಗಿದಾವಂತೆ, ಒಂದೊಂದಾಗಿ."

"ಮತ್ತೆ ಇಷ್ಟು ದಿನ ಹೆಂಗೆ…"

"ಕೂಗಿನ ಹಿಂದೆ ಇಣುಕಿ ಇಣುಕಿ ಕೇಳ್ತಿದ್ದೆ. ಅಂದಾಜಲ್ಲಿ. ನಿನ್ ತಟ್ಟೆ ಅಂಚಿನ ಸುಯ್ ಅಂದೆನಲ್ಲ, ಅವತ್ತು ಕೇಳಿಸಿದ್ದೇ ಕೊನೆ. ಬುಧವಾರ ಈ ಹುಡುಗನ ತಟ್ಟೆ ಹಾಕ್ದೆ ನೋಡು, ಕೂಗು ನಿಂತೋಯ್ತು. ಪೂರ್ತಿ. ಒಳಗೆಲ್ಲ ನಿಶ್ಶಬ್ದ. ಹೆಡ್‌ಫೋನು ತೆಗೆದ್ರೆ ಮತ್ತೆ ಬರತ್ತೆ, ಹಾಕಿದ್ರೆ ಹೋಗತ್ತೆ. ಕಿವಿ ಸತ್ತೇಹೋಯ್ತೇನೋ ಅಂತ ಜೀವ ಹಾರಿಹೋಯ್ತು. ಹೆದರ್ಕೊಂಡು ಕೆಂಪು ಚೀಟಿ ಬರೆದ್ಬಿಟ್ಟೆ."

ಅವಳೇ ಮುಂದುವರಿಸಿದಳು, ಕಿಟಕಿಯಾಚೆ ನೋಡುತ್ತ. "ಈಗ ಅಲ್ಲಿ ಕೂತಿದ್ದಾಗ ನಾನು ಹೋಕ್ವಿಯಂನಲ್ಲಿದ್ದೆ. ಬುತ್ತಿ ತಗೊಂಡು ಮಿಲ್ಲಿನ ಬಾಗಿಲಲ್ಲಿ ನಿಂತಿದೀನಿ, ಕಿವೀಲಿ ಹತ್ತಿ ಇಲ್ಲ. ದೇವದಾರಿನ ಪುಡಿ ಹಿಮದ ಥರ ಬೀಳ್ತಿದೆ. ಅಪ್ಪ ಗರಗಸದ ಮುಂದೆ ನಿಂತು ನಗ್ತಿದಾರೆ. ಎಷ್ಟು ಹಾಯಾಗಿದ್ರು ಗೊತ್ತಾ ಅಲ್ಲಿ! ಮನೇಲಿ ಯಾವತ್ತೂ ಹಂಗಿರ್ಲಿಲ್ಲ. ಈಗ ಅನ್ನಿಸ್ತಿದೆ, ಅವರ ಕಿವೀಲೂ ಈ ಕೂಗು ಇತ್ತು. ಅದು ಸುಮ್ಮನಾಗ್ತಿದ್ದಿದ್ದು ಮಿಲ್ಲಲ್ಲಿ ಮಾತ್ರ. ನಮಗ್ಯಾರಿಗೂ ಹೇಳ್ಲಿಲ್ಲ."

ಕಾರು ಮತ್ತೆ ಹೊರಡಿಸಿದೆ. ಕಾರ್ಖಾನೆ ಬರುವವರೆಗೆ ಅವಳು ಅಂಗೈಯನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಎಂಜಿನ್ನಿನ ನಡುಕವನ್ನು ಕೇಳುತ್ತಿದ್ದಳು.

ಮರ್ವಿನ್ ತನ್ನ ಕೋಣೆಯಲ್ಲಿ ಕಾಯುತ್ತಿದ್ದ. ನಾವಿಲ್ಲದಾಗ ಅವನು ಸಿಯಾಟಲ್‌ನಲ್ಲಿ ಆ ಅಚ್ಚಿಗೆ ಮೂಲ ತಟ್ಟೆ ಕೊರೆದವನಿಗೆ ಫೋನು ಮಾಡಿದ್ದ. ಒರಟ, ಆದರೆ ಕೆಟ್ಟವನಲ್ಲ. ಐಲಾಳ ಮಾನ ಉಳಿಸಲು ಅವನೊಂದು ದಾರಿ ಹುಡುಕಿದ್ದ.

"ಕೂತ್ಕೊಳ್ಳಿ ಐಲಾ. ಅಚ್ಚು ಕೆಟ್ಟಿತ್ತು ಅಂತಾನೇ ಇರ್ಲಿ. ಆ ಚೀಟಿ ಕಳಿಸಿದ್ರೆ ಅವನು ಹೊಸದಾಗಿ ಕೊರೆದು ಕೊಡ್ತಾನಂತೆ. ಮೊದಲ್ನೇ ಸಲಾನೂ ಮೂಗು ಹಿಡ್ಕೊಂಡು ಕೊರೆದಿದ್ದಂತೆ ಪಾಪ. ಈ ಸಲ ಸಾಪಾಗಿ ಮಾಡ್ತಾನೆ. ಆ ಹುಡುಗರಿಗೆ ಹೇಳೋದೇನೂ ಬೇಡ, ಅಚ್ಚು ಬದಲಾಯ್ತು ಅಂದ್ರೆ ಸಾಕು. ನಿಮ್ ಕುರ್ಚಿಗೂ ಏನೂ ತೊಂದ್ರೆ ಇಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಜ ಹೇಳಬೇಕೆಂದರೆ ಅವಳು ಒಪ್ಪಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ.

"ಸಾಪಾಗಿ ಅಂದ್ರೆ?" ಎಂದಳು ಐಲಾ.

"ಆ ಗರಗರ ಎಲ್ಲ ತೆಗೆದು. ಮನುಷ್ಯರು ಕೇಳೋ ಹಂಗೆ."

"ಗರಗರ ತೆಗೆದ್ರೆ ಅದರಲ್ಲಿ ಏನುಳಿಯತ್ತೆ?"

"ಹಾಡು ಉಳಿಯತ್ತಲ್ಲ."

"ಉಳಿಯಲ್ಲ ಮರ್ವಿನ್. ನಾನು ಈಗ ನೋಡ್ಕೊಂಡು ಬಂದೆ."

"ಹಂಗಾದ್ರೆ ತಪ್ಪು ಯಾರದು ಅಂತ ಬರೀಲಿ ನಾನು? ಐನೂರು ತಟ್ಟೆ ಅರೆದಿದೀವಿ. ಏನೋ ಒಂದು ಬರೀಬೇಕಲ್ಲ." ಮರ್ವಿನ್‌ನ ದನಿ ಏರಿತು. "ನಿಮ್ ಕಿವಿ ಅಂತ ಬರೀಲಾ? ಬರೆದ್ರೆ ಸೋಮವಾರದಿಂದ ನೀವು ಆ ಕೋಣೇಲಿ ಕೂರಕ್ಕಾಗಲ್ಲ, ಗೊತ್ತಲ್ಲ?"

"ಗೊತ್ತು. ಚೀಟಿ ಕೊಡಿ ಇಲ್ಲಿ."

ಹಳೆಯ ಕೆಂಪು ಚೀಟಿಯನ್ನೇ ತೆಗೆದುಕೊಂಡಳು. ದೋಷ ಎನ್ನುವ ಕಡೆ ತಾನೇ ಬರೆದಿದ್ದ ‘ಸದ್ದು ಒಡೆದಿದೆ’ ಎಂಬುದನ್ನು ಒಂದೇ ಗೀಟಿನಲ್ಲಿ ಹೊಡೆದು, ಪಕ್ಕದಲ್ಲಿ ದುಂಡಗೆ ‘ಕೇಳುವವಳ ಕಿವಿ’ ಎಂದು ಬರೆದಳು. ಜಾಗ ಎನ್ನುವ ಕಡೆ ‘ಎರಡೂ ಕಡೆ’ ಎಂದಿತ್ತು, ಅದನ್ನು ಹಾಗೇ ಬಿಟ್ಟಳು. ಕೆಳಗೆ ಸಹಿ ಹಾಕಿ ಮರ್ವಿನ್‌ನ ಮುಂದೆ ಇಟ್ಟಳು. ಮರ್ವಿನ್ ಚೀಟಿ ನೋಡಿದ, ಅವಳನ್ನು ನೋಡಿದ, ಕನ್ನಡಕ ತೆಗೆದು ಒರೆಸಲು ಶುರುಮಾಡಿದ. ಬಹಳ ಹೊತ್ತು ಒರೆಸಿದ.

ಯಂತ್ರ ಬಿಡುವಾದದ್ದು ಇಳಿಹೊತ್ತಿಗೆ, ನಾನು ಅದೇ ಅಚ್ಚು ಹಾಕಿ ಮತ್ತೆ ಒತ್ತಿದೆ. ಉಳಿದ ಮೂರು ಯಂತ್ರದವರೂ ಕೆಲಸ ಬಿಟ್ಟು ನನ್ನ ಜೊತೆ ಕೈಜೋಡಿಸಿದರು, ಹೊತ್ತು ಮುಳುಗುವುದರೊಳಗೆ ಇನ್ನೂರಾಯಿತು, ಶನಿವಾರಕ್ಕೆ ಅಷ್ಟು ಸಾಕು ಎಂದ ವೆಸ್. ಮೊದಲ ತಟ್ಟೆಯನ್ನು ಐಲಾಳ ಬಳಿಗೆ ನಾನೇ ಒಯ್ದೆ. ಅವಳು ಒಂದು ಕಡೆ ಕೇಳಿದಳು, ಮಗುಚಿ ಇನ್ನೊಂದು ಕಡೆಯನ್ನೂ ಕೇಳಿದಳು, ಕೊನೆಯ ಗೆರೆ ತಿರುಗುವವರೆಗೂ. ಹಸಿರು ಚೀಟಿ ಬರೆದು ಕೊಟ್ಟು, ಕಾಫಿ ಬಟ್ಟಲು ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟಳು. ಯಾರಿಗೂ ಹೋಗಿಬರ್ತೀನಿ ಅನ್ನಲಿಲ್ಲ. ಬಾಗಿಲಲ್ಲಿ ವೆಸ್ ಒಂದು ತಟ್ಟೆಯನ್ನು ಅವಳ ಕೈಗಿಟ್ಟ. "ತಪ್ಪಾಯ್ತಪ್ಪ," ಎಂದಳು. "ಇರ್ಲಿ ಬಿಡಮ್ಮ," ಎಂದು ಅವನು ಮುಖ ಆಚೆ ತಿರುಗಿಸಿದ.

ಸೋಮವಾರದಿಂದ ಅವಳು ಲಕೋಟೆಗೆ ತಟ್ಟೆ ತುಂಬುವ ಮೇಜಿಗೆ ಬಂದಳು. ಗಾಜಿನ ಕೋಣೆಗೆ ನನ್ನನ್ನು ಕೂರಿಸಿದರು. ನನಗೆ ಅವಳ ಕಾಲುಭಾಗವೂ ಕೇಳುವುದಿಲ್ಲ, ಇದನ್ನು ಅವಳು ದಿನಕ್ಕೆರಡು ಸಲ ನೆನಪಿಸುತ್ತಿದ್ದಳು. "ಏನ್ ಸಾಹೇಬ್ರೇ, ಕೇಳ್ತಿದೀರೋ ಗೊರಕೆ ಹೊಡೀತಿದೀರೋ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಊಟದ ಹೊತ್ತಿನಲ್ಲಿ ಅವಳು ಖಾಲಿ ಕೋಣೆಯ ಕಡೆ ಬೆನ್ನು ಹಾಕಿ ಕೂರುವುದನ್ನು ಎಲ್ಲರೂ ನೋಡುತ್ತಿದ್ದೆವು.

ಮರುವರ್ಷದ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಮಾಡಿದ ಅಕ್ಕಿ ಕಡುಬು ಕೊಡಲು ಅವಳ ಮನೆಗೆ ಹೋದೆ. ರಸ್ತೆಯ ತಿರುವಿನಲ್ಲೇ ಆ ಸದ್ದು ಕೇಳಿಸಿತು. ಪಕ್ಕದ ಮನೆಯವನು ಬೇಲಿಯ ಬಳಿ ನಿಂತು ನನ್ನನ್ನು ತಡೆದ. "ಸ್ವಲ್ಪ ಹೇಳ್ರೀ ನಿಮ್ಮೋಳಿಗೆ. ದಿನಾ ಇದೇ ಪಾಡು. ಮುದುಕಿಗೆ ಹುಚ್ಚು ಹಿಡಿದಿದೆ." ನಾನು ಅವನಿಗೊಂದು ಕಡುಬು ಕೊಟ್ಟು ಸಮಾಧಾನ ಮಾಡಿ ಒಳಗೆ ಹೋದೆ.

ಬಾಗಿಲು ಹಾಕಿರಲಿಲ್ಲ. ಕಿಟಕಿಯ ಗಾಜು ಅದುರುತ್ತಿತ್ತು, ಮೇಜಿನ ಮೇಲಿನ ಚಮಚ ನಡುಗುತ್ತಿತ್ತು. ವೆಸ್ ಬಾವಿಯೊಳಗಿಂದ ಕೂಗುತ್ತಿದ್ದ, ಹರಿದ ಸ್ಪೀಕರಿನ ಗಿಟಾರ್ ಆ ಕೂಗಿನ ಮೇಲೆ ಮಣ್ಣು ಎಳೆಯುತ್ತಿತ್ತು. ಅದರ ನಟ್ಟನಡುವೆ ಐಲಾ ಆರಾಮಕುರ್ಚಿಯಲ್ಲಿ ಕಾಲು ಚಾಚಿಕೊಂಡು ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ಬಿಸಿಲು ಮಡಿಲಲ್ಲಿ ಬಿದ್ದಿತ್ತು. ಎರಡು ವರ್ಷ ಸರಿಯಾಗಿ ಕಣ್ಣು ಮುಚ್ಚದವಳು ಮಗುವಿನಂತೆ ಉಸಿರಾಡುತ್ತಿದ್ದಳು. ನಾನು ಕಡುಬಿನ ಡಬ್ಬಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ಹಾಡು ಮುಗಿಯಿತು. ಮುಳ್ಳು ಕೊನೆಯ ಗೆರೆಗೆ ಹೋಗಿ ಟಿಕ್ ಟಿಕ್ ಎಂದು ಸುತ್ತತೊಡಗಿತು, ಮನೆಯಲ್ಲಿ ನಿಶ್ಶಬ್ದವಾಯಿತು. ಅವಳ ಹುಬ್ಬುಗಳು ನಿದ್ದೆಯಲ್ಲೇ ಗಂಟಿಕ್ಕಿದವು, ಬೆರಳುಗಳು ಕುರ್ಚಿಯ ತೋಳನ್ನು ಹಿಡಿಯಲು ಹೋದವು. ನಾನು ಡಬ್ಬಿಯನ್ನು ನೆಲದ ಮೇಲಿಟ್ಟು ಓಡಿಹೋಗಿ, ತಟ್ಟೆ ಮಗುಚಿ, ಮುಳ್ಳು ಇಟ್ಟೆ.